ಅಭಯಾರಣ್ಯದ ಬೋರ್ಡು ಕಿತ್ತು ಹಾಕೋಕೆ ಎಷ್ಟು ಹೊತ್ತು ಬೇಕು?

(1/8)

ಮೊದಲಿಗೆ ಒಂದು ಪ್ರಶ್ನೆ. ಒಂದು ಜಾಗವನ್ನ ಸರ್ಕಾರ "ಅಭಯಾರಣ್ಯ" ಅಂತ ಘೋಷಿಸಿದರೆ ಆ ಘೋಷಣೆ ಎಷ್ಟು ವರ್ಷಕ್ಕೆ ಇರುತ್ತೆ?

"ಇದೇನು ಪ್ರಶ್ನೆ, ಯಾವಾಗಲೂ ಇರುತ್ತೆ" ಅಂದ್ರಾ? ಹಾಗಾದ್ರೆ ಈ ಸರಣಿಯ ಎಂಟೂ ಭಾಗ ಓದಿ. ಸ್ವಲ್ಪ ಉದ್ದ ಇದೆ, ಗೊತ್ತು. ಇಂಟರ್ನಲ್ಸ್ ಮುಗಿದಿದೆ ಅಂತ ನಿಮ್ಮ ಸ್ಟೋರಿ ನೋಡಿಯೇ ಬರೀತಾ ಇದ್ದೇನೆ, ನೆಪ ಹೇಳ್ಬೇಡಿ.

ಗ್ರೇಟ್ ನಿಕೋಬಾರ್ ಅಂತ ಒಂದು ದ್ವೀಪ ಇದೆ. ಭಾರತದ ಮ್ಯಾಪಿನಲ್ಲಿ ಬಲಗಡೆ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಂಡಮಾನ್-ನಿಕೋಬಾರ್ ಇಳಿದು ಬರುತ್ತಲ್ಲ, ಅದರ ಕಟ್ಟಕಡೆಯ ದೊಡ್ಡ ಚುಕ್ಕಿ. ದೇಶದ ದಕ್ಷಿಣ ತುದಿ ಕನ್ಯಾಕುಮಾರಿ ಅಂತ ಹೇಳೋರಿಗೆ ಒಂದು ತಿದ್ದುಪಡಿ: ಆ ಪಟ್ಟ ಈ ದ್ವೀಪದ ಇಂದಿರಾ ಪಾಯಿಂಟ್‌ಗೆ ಸೇರಬೇಕು. ಅಲ್ಲಿಂದ ಚೆನ್ನೈಗಿಂತ ಇಂಡೊನೇಷ್ಯಾದ ಸುಮಾತ್ರಾ ಎಷ್ಟೋ ಹತ್ತಿರ.

ದ್ವೀಪದ ವಿಸ್ತೀರ್ಣ ಸುಮಾರು 910 ಚದರ ಕಿ.ಮೀ. ಹೆಚ್ಚುಕಮ್ಮಿ ಪೂರ್ತಿ ಮಳೆಕಾಡು. ಜನ ಸುಮಾರು 8,000. ಅವರಲ್ಲಿ ಶೋಂಪೆನ್ ಅನ್ನೋ ಸಮುದಾಯ ಕಾಡಿನೊಳಗೇ ಇರೋದು. 2011ರ ಜನಗಣತಿಯ ಪ್ರಕಾರ ಅವರು 229 ಜನ. ನಮ್ಮ ಕಾಲೇಜಿನ ಒಂದು ವರ್ಷದ ಬಿಕಾಂ ಸೆಕ್ಷನ್‌ಗಳನ್ನೆಲ್ಲ ಸೇರಿಸಿದರೆ ಅದಕ್ಕಿಂತ ಜಾಸ್ತಿ ಜನ ಆಗ್ತೇವೆ.

ಈ ಪುಟ್ಟ ದ್ವೀಪಕ್ಕೆ ಕಾನೂನಿನ ರಕ್ಷಣೆ ಎಷ್ಟಿತ್ತು, ಅದರಲ್ಲಿ ಒಂದು ಹೇಗೆ ಕಳಚಿಬಿತ್ತು ಅನ್ನೋದೇ ಇವತ್ತಿನ ವಿಷಯ.

(2/8)

ಲೆಕ್ಕ ಹಾಕೋಣ. ಈ ದ್ವೀಪದ ಮೇಲೆ ಯಾವ್ಯಾವ ಹಣೆಪಟ್ಟಿ ಇದ್ದವು ನೋಡಿ.

ಒಂದು, 1956ರ ಮೂಲನಿವಾಸಿ ಬುಡಕಟ್ಟುಗಳ ರಕ್ಷಣೆಯ ನಿಯಮ. ಅದರ ಅಡಿ 751 ಚದರ ಕಿ.ಮೀ. ಬುಡಕಟ್ಟು ಮೀಸಲು ಪ್ರದೇಶ. ಹೊರಗಿನವರು ಸುಮ್ಮನೆ ಒಳಗೆ ಕಾಲಿಡೋ ಹಾಗಿಲ್ಲ.

ಎರಡು, 1989ರಲ್ಲಿ ಜೀವಗೋಳ ಮೀಸಲು, ಅಂದ್ರೆ ಬಯೋಸ್ಫಿಯರ್ ರಿಸರ್ವ್. 2013ರಲ್ಲಿ ಅದು ಯುನೆಸ್ಕೋದ ಜಾಗತಿಕ ಜಾಲಕ್ಕೂ ಸೇರಿತು.

ಮೂರು, 1992ರಲ್ಲಿ ಎರಡು ರಾಷ್ಟ್ರೀಯ ಉದ್ಯಾನ: ಕ್ಯಾಂಪ್‌ಬೆಲ್ ಬೇ ಮತ್ತು ಗಲಾಥಿಯಾ.

ನಾಲ್ಕು, 1997ರಲ್ಲಿ ಗಲಾಥಿಯಾ ಕೊಲ್ಲಿಗೆ ವನ್ಯಜೀವಿ ಅಭಯಾರಣ್ಯದ ಸ್ಥಾನ. ಚಿಕ್ಕದು, 11.44 ಚದರ ಕಿ.ಮೀ. ಅಷ್ಟೇ. ಯಾಕೆ ಕೊಟ್ಟರು? ಲೆದರ್‌ಬ್ಯಾಕ್ ಕಡಲಾಮೆಗಳು ಮೊಟ್ಟೆ ಇಡೋ ಮರಳ ದಂಡೆ ಅದು. ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲಿ ಈ ಆಮೆಗಳಿಗೆ ಉಳಿದಿರೋ ಮುಖ್ಯ ತಾಣಗಳಲ್ಲಿ ಒಂದು.

ಇಷ್ಟು ಹಣೆಪಟ್ಟಿ ಇದ್ದ ಮೇಲೆ ಯಾರಿಗಾದರೂ ಅನಿಸೋದು ಏನು? ಈ ಜಾಗ ಸೇಫ್ ಅಂತ.

2021ರ ಜನವರಿ 5. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಸಭೆ. ಗಲಾಥಿಯಾ ಕೊಲ್ಲಿಯ ಅಭಯಾರಣ್ಯದ ಸ್ಥಾನ ತೆಗೆಯೋದಕ್ಕೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಬಂದರು ಬರಬೇಕಿತ್ತು.

ಇನ್ನೊಂದು ಸಂಗತಿ ಕೇಳಿ. ಅದೇ ಜನವರಿ ತಿಂಗಳ ಕೊನೆಗೆ ಕೇಂದ್ರ ಪರಿಸರ ಸಚಿವಾಲಯ ಕಡಲಾಮೆಗಳ ರಕ್ಷಣೆಗೆ ಐದು ವರ್ಷದ ರಾಷ್ಟ್ರೀಯ ಕ್ರಿಯಾಯೋಜನೆ ಬಿಡುಗಡೆ ಮಾಡಿತು. ಅದರಲ್ಲಿ ಮುಖ್ಯ ಆಮೆ ತಾಣಗಳ ಸಾಲಿನಲ್ಲಿ ಗಲಾಥಿಯಾ ಕೊಲ್ಲಿಯ ಹೆಸರೂ ಇತ್ತು. ತಿಂಗಳ ಶುರುವಿಗೆ ಬೋರ್ಡು ತೆಗೆದ್ರು, ತಿಂಗಳ ಕೊನೆಗೆ "ಈ ಜಾಗ ತುಂಬಾ ಮುಖ್ಯ" ಅಂತ ಬರೆದ್ರು.

(3/8)

ಈಗ ಆ ಆಮೆ ಬಗ್ಗೆ. (ಎರಡನೇ ಸ್ಲೈಡಿನ ಚಿತ್ರ ನೋಡಿ.)

ನಮ್ಮ ಕುಂದಾಪುರ, ಹೊನ್ನಾವರದ ಕಡೆ ಮೊಟ್ಟೆ ಇಡೋಕೆ ಬರೋದು ಆಲಿವ್ ರಿಡ್ಲಿ. ಅದರ ಎದುರು ಲೆದರ್‌ಬ್ಯಾಕ್ ನಿಜವಾಗಿಯೂ ದೈತ್ಯ. ಜಗತ್ತಿನ ಅತಿ ದೊಡ್ಡ ಆಮೆ, ನಾನೂರು ಐನೂರು ಕಿಲೋ ತೂಗೋದು ಇದಕ್ಕೆ ದೊಡ್ಡ ಮಾತಲ್ಲ. ಬೆನ್ನಿನ ಮೇಲೆ ಗಟ್ಟಿ ಚಿಪ್ಪಿಲ್ಲ, ತೊಗಲಿನಂಥ ಹೊದಿಕೆ. ಹೆಸರು ಬಂದದ್ದೇ ಅದರಿಂದ.

ಇದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬೆಂಗಳೂರಿನದ್ದೇ ದಕ್ಷಿಣ್ ಫೌಂಡೇಶನ್‌ನ ಸಂಶೋಧಕರು ಲಿಟ್ಲ್ ಅಂಡಮಾನ್ ದ್ವೀಪದಲ್ಲಿ ಕೆಲವು ಲೆದರ್‌ಬ್ಯಾಕ್‌ಗಳಿಗೆ ಉಪಗ್ರಹ ಟ್ಯಾಗ್ ಹಾಕಿ ಬಿಟ್ಟರು. ಕೆಲವು ಆಸ್ಟ್ರೇಲಿಯಾದ ಪಶ್ಚಿಮದ ಕಡೆ ಹೋದವು. ಇನ್ನು ಕೆಲವು ಆಫ್ರಿಕಾದ ದಿಕ್ಕು ಹಿಡಿದವು. ಒಂದು ಆಮೆ 13,000 ಕಿ.ಮೀ.ಗೂ ಹೆಚ್ಚು ಈಜಿ ಮೊಜಾಂಬಿಕ್ ಹತ್ತಿರ ಮುಟ್ಟಿತು. ವೀಸಾ ಇಲ್ಲ, ಟಿಕೆಟ್ ಇಲ್ಲ.

ಇಷ್ಟು ತಿರುಗೋ ಪ್ರಾಣಿ ಮೊಟ್ಟೆ ಇಡೋಕೆ ಮಾತ್ರ ಎಲ್ಲೆಂದರಲ್ಲಿ ಹತ್ತಲ್ಲ. ಅದಕ್ಕೆ ಕತ್ತಲೆ ಬೇಕು, ಆಳದ ನೀರಿಂದ ನೇರ ಮರಳಿಗೆ ಬರೋ ದಾರಿ ಬೇಕು. ಮೊಟ್ಟೆಯಿಂದ ಹೊರಬಂದ ಮರಿಗಳು ಬೆಳಕು ಹೆಚ್ಚಿರೋ ಕಡೆಗೆ ಓಡುತ್ತವೆ. ಕತ್ತಲೆ ದಂಡೆಯಲ್ಲಿ ಆ ಬೆಳಕು ಸಮುದ್ರದ ದಿಗಂತ. ಬಂದರಿನ ಪಕ್ಕದಲ್ಲಾದರೆ ಅದು ಕ್ರೇನಿನ ಫ್ಲಡ್‌ಲೈಟ್.

ಇನ್ನೊಂದು ಜೀವಿ ನಿಕೋಬಾರ್ ಮೆಗಾಪೋಡ್. ಕೋಳಿ ಗಾತ್ರದ ಹಕ್ಕಿ, ನಿಕೋಬಾರ್ ದ್ವೀಪಗಳನ್ನ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. ಇದು ಮೊಟ್ಟೆ ಮೇಲೆ ಕಾವಿಗೆ ಕೂರಲ್ಲ. ಕಡಲಂಚಿನ ಕಾಡಲ್ಲಿ ಮರಳು, ಎಲೆ, ಕಸ ಒಟ್ಟುಹಾಕಿ ದಿಬ್ಬ ಕಟ್ಟಿ ಮೊಟ್ಟೆ ಹೂಳುತ್ತೆ. ಎಲೆ ಕೊಳೆಯೋ ಬಿಸಿಯೇ ಕಾವು. ಹಟ್ಟಿಗೊಬ್ಬರದ ರಾಶಿಗೆ ಕೈ ಹಾಕಿ ನೋಡಿದವರಿಗೆ ಆ ಬಿಸಿ ಗೊತ್ತಿರುತ್ತೆ, ಅದೇ ತಂತ್ರ. ಅಂಥ ದಿಬ್ಬಕ್ಕೆ ಅಂಥದ್ದೇ ಮಣ್ಣು, ಅಂಥದ್ದೇ ನೆರಳು ಬೇಕು. ಅದನ್ನ ಎತ್ತಿ ಬೇರೆ ಕಡೆ ಇಡೋದು ಫ್ರಿಜ್ ಶಿಫ್ಟ್ ಮಾಡಿದ ಹಾಗಲ್ಲ.

(4/8)

ಯೋಜನೆ ಏನು ಅಂತ ನ್ಯಾಯವಾಗಿ ಹೇಳಬೇಕು. ಒಂದೇ ಕಡೆ ಹೇಳಿದರೆ ಅದು ಅಭಿಪ್ರಾಯ ಅಲ್ಲ, ಪಾಂಪ್ಲೆಟ್ ಆಗುತ್ತೆ.

ನಾಲ್ಕು ಕೆಲಸ: ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಕಂಟೇನರ್ ಬಂದರು, ಒಂದು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಟೌನ್‌ಶಿಪ್. ಒಟ್ಟು 166 ಚದರ ಕಿ.ಮೀ. ಜಾಗ. ಶುರುವಿನ ಅಂದಾಜು 72,000 ಕೋಟಿ ರೂಪಾಯಿ. ಮುಂದಿನ ಮೂವತ್ತು ವರ್ಷದಲ್ಲಿ ಜನಸಂಖ್ಯೆ ಮೂರೂವರೆ ಲಕ್ಷ ಆಗಬಹುದು ಅನ್ನೋ ಲೆಕ್ಕ. 2022ರ ನವೆಂಬರಿನಲ್ಲಿ ಪರಿಸರ ಅನುಮತಿ ಸಿಕ್ಕಿತು.

ಪರವಾಗಿ ಹೇಳೋರ ವಾದ ಹಗುರಾದ್ದಲ್ಲ. ಮಲಕ್ಕಾ ಜಲಸಂಧಿಯ ಹಡಗು ದಾರಿ ಹತ್ತಿರದಲ್ಲೇ ಇದೆ. ನಮ್ಮ ಕಂಟೇನರ್‌ಗಳು ಕೊಲಂಬೊ, ಸಿಂಗಾಪುರದಲ್ಲಿ ಹಡಗು ಬದಲಿಸ್ತವೆ, ಆ ದುಡ್ಡು ಅವರಿಗೆ ಹೋಗುತ್ತೆ. ಜೊತೆಗೆ ದೇಶದ ಭದ್ರತೆ. ಇಂಟರ್‌ನ್ಯಾಷನಲ್ ಬಿಸಿನೆಸ್ ಪೇಪರಿನಲ್ಲಿ ಈ ಪ್ರಶ್ನೆ ಬಂದರೆ ನಾನೂ ಇದೇ ಪಾಯಿಂಟ್ ಬರೀತೇನೆ.

ಭದ್ರತೆಯ ಮಾತಿಗೆ ನನ್ನ ಉತ್ತರ ಇಷ್ಟು: ಆ ದ್ವೀಪದಲ್ಲಿ ನೌಕಾಪಡೆಯ ಐಎನ್‌ಎಸ್ ಬಾಜ್ 2012ರಿಂದಲೇ ಇದೆ. ಗಡಿ ಕಾಯೋದಕ್ಕೆ ಏನು ಬೇಕೋ ಅದನ್ನ ಕಟ್ಟಲಿ, ಯಾರೂ ಬೇಡ ಅನ್ನಲ್ಲ. ಆದರೆ ಟೌನ್‌ಶಿಪ್ಪು, ಕಂಟೇನರ್ ಯಾರ್ಡು ಇವೆಲ್ಲ ಸೇನೆಯ ಲೆಕ್ಕದಲ್ಲಿ ಬರಲ್ಲ. ಎಲ್ಲವನ್ನೂ "ಭದ್ರತೆ" ಅನ್ನೋ ಒಂದೇ ಲೆಡ್ಜರಿಗೆ ಪೋಸ್ಟಿಂಗ್ ಮಾಡಿದರೆ ಆಡಿಟರ್ ಪ್ರಶ್ನೆ ಕೇಳಲೇಬೇಕು.

ಇನ್ನು ನೆಲದ ಮಾತು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ನೆಲದ ಮೇಲಿದ್ದ ದೀಪಸ್ತಂಭದ ಬುಡ ಸಮುದ್ರದೊಳಗೆ ಹೋಯ್ತು. ಸುನಾಮಿ ಆಮೆ ದಂಡೆಗಳನ್ನೂ ಅಳಿಸಿಹಾಕಿತ್ತು. ವರ್ಷಗಳಲ್ಲಿ ಮರಳು ಮತ್ತೆ ಕೂಡಿತು, ಆಮೆಗಳು ಮತ್ತೆ ಬಂದವು. ದಂಡೆ ರಿಪೇರಿ ಆಗುತ್ತೆ, ಆದರೆ ಅದರ ಮೇಲೆ ಕಾಂಕ್ರೀಟ್ ಸುರಿಯದೇ ಇದ್ದರೆ ಮಾತ್ರ.

(5/8)

ಈ ಭಾಗ ಬಿಕಾಂನವರಿಗೆ ಸ್ಪೆಷಲ್.

ಸ್ಟಾಟಿಸ್ಟಿಕ್ಸ್‌ನಲ್ಲಿ ನಮಗೆ ಮೊದಲು ಹೇಳಿಕೊಡೋದೇನು? ಶೇಕಡಾ ಕಂಡ ತಕ್ಷಣ "ಯಾವುದರ ಶೇಕಡಾ?" ಅಂತ ಕೇಳಿ.

ಯೋಜನೆಗೆ ಹೋಗೋ ಕಾಡು 130.75 ಚದರ ಕಿ.ಮೀ. ಸರ್ಕಾರದ ಸಮರ್ಥನೆ ಏನಂದ್ರೆ ಇದು 1.82% ಮಾತ್ರ. ಕೇಳೋಕೆ ಚಿಲ್ಲರೆ ಅನಿಸುತ್ತೆ. ಆದರೆ ಛೇದದಲ್ಲಿ ಇರೋದು ಇಡೀ ಅಂಡಮಾನ್-ನಿಕೋಬಾರಿನ ಕಾಡು. ಗ್ರೇಟ್ ನಿಕೋಬಾರ್ ಒಂದನ್ನೇ ಛೇದದಲ್ಲಿ ಇಡಿ: 130.75 ಭಾಗಿಸು 910. ಈಗ 14%ಕ್ಕೂ ಹೆಚ್ಚು! ಎರಡೂ ಲೆಕ್ಕ ಸರಿ. ಆದರೆ ಮೆಗಾಪೋಡ್‌ಗೆ ಉತ್ತರ ಅಂಡಮಾನಿನ ಕಾಡು ಯಾವ ಲೆಕ್ಕಕ್ಕೂ ಬರಲ್ಲ, ಅದು ಅಲ್ಲಿ ಬದುಕೋದೇ ಇಲ್ಲ.

ಕಡಿಯೋ ಮರಗಳ ಸಂಖ್ಯೆ ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟದ್ದು: ಸುಮಾರು 9.64 ಲಕ್ಷ. ಬದಲಿಗೆ ಗಿಡ ನೆಡೋದು ಎಲ್ಲಿ ಗೊತ್ತಾ? ಹರಿಯಾಣದಲ್ಲಿ. ಹೌದು, ಸರಿಯಾಗೇ ಓದಿದ್ರಿ. ಸಮುದ್ರದ ನಡುವಿನ ಮಳೆಕಾಡಿಗೆ ಪರಿಹಾರ ಅರೆಶುಷ್ಕ ಹರಿಯಾಣದಲ್ಲಿ ಸಸಿ. ಡೆಬಿಟ್ ಒಂದು ಕಂಪನಿಯ ಪುಸ್ತಕದಲ್ಲಿ, ಕ್ರೆಡಿಟ್ ಇನ್ನೊಂದು ಕಂಪನಿಯ ಪುಸ್ತಕದಲ್ಲಿ, ಆದರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂತ ತೋರಿಸೋ ಹಾಗಿದೆ ಇದು.

ಹವಳದ್ದೂ ಇದೇ ಕತೆ. ಲೆಕ್ಕಕ್ಕೆ ಸಿಕ್ಕ 20,668 ಹವಳದ ಗುಂಪುಗಳಲ್ಲಿ 16,150 ಗುಂಪುಗಳನ್ನ ಬೇರೆ ಕಡೆ ಸಾಗಿಸೋ ಯೋಜನೆ.

ನಮ್ಮ ಕಾನೂನಿನಲ್ಲಿ ಕಾಡಿಗೂ ಎನ್‌ಪಿವಿ ಇದೆ, ಅದು ನಿಮಗೆ ಗೊತ್ತಿತ್ತಾ? ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್‌ನಲ್ಲಿ ಓದೋ ಅದೇ ನೆಟ್ ಪ್ರೆಸೆಂಟ್ ವ್ಯಾಲ್ಯೂ. ಕಾಡನ್ನ ಬೇರೆ ಕೆಲಸಕ್ಕೆ ಕೊಡುವಾಗ ಹೆಕ್ಟೇರಿಗೆ ಇಷ್ಟು ಅಂತ ಕಟ್ಟಿಸಿಕೊಳ್ತಾರೆ. ಮರದ ಮೌಲ್ಯ, ಮಣ್ಣು-ನೀರು ಕಾಯೋ ಮೌಲ್ಯ ಹೀಗೆ ಹಲವು ಬಾಬ್ತು ಅದರಲ್ಲಿ ಸೇರುತ್ತೆ. ಏನೂ ಕಟ್ಟಿಸಿಕೊಳ್ಳದೆ ಇರೋದಕ್ಕಿಂತ ಅದು ಒಳ್ಳೇದೇ. ಆದರೆ ಬೇರೆಲ್ಲೂ ಸಿಗದ ವಸ್ತುವಿಗೆ ಮಾರ್ಕೆಟ್ ರೇಟ್ ಹುಡುಕೋಕೆ ಆಗಲ್ಲ. ರಿಪ್ಲೇಸ್‌ಮೆಂಟ್ ಕಾಸ್ಟ್ ಕೇಳಬೇಕಾದರೆ ರಿಪ್ಲೇಸ್‌ಮೆಂಟ್ ಅನ್ನೋದು ಇರಬೇಕಲ್ಲ?

(6/8)

ಈಗ ಮುಖ್ಯ ಮಾತಿಗೆ. ಹಣೆಪಟ್ಟಿಗಳೆಲ್ಲ ಒಂದೇ ತೂಕದ್ದಲ್ಲ.

ಕಾರ್ಪೊರೇಟ್ ಅಕೌಂಟಿಂಗ್‌ನಲ್ಲಿ ಎರಡು ರಿಸರ್ವ್ ಓದ್ತೇವೆ. ಜನರಲ್ ರಿಸರ್ವ್: ಲಾಭದಿಂದ ತೆಗೆದಿಟ್ಟದ್ದು, ಬೇಕಾದಾಗ ಡಿವಿಡೆಂಡ್ ಹಂಚಬಹುದು. ಕ್ಯಾಪಿಟಲ್ ರಿಸರ್ವ್: ಸಾಮಾನ್ಯವಾಗಿ ಡಿವಿಡೆಂಡಿಗೆ ಅಂತ ಮುಟ್ಟೋ ಹಾಗಿಲ್ಲ. ಅಭಯಾರಣ್ಯವನ್ನ ನಾವೆಲ್ಲ ಕ್ಯಾಪಿಟಲ್ ರಿಸರ್ವ್ ಅಂದ್ಕೊಂಡಿದ್ದೇವೆ. ಗಲಾಥಿಯಾದಲ್ಲಿ ಅದನ್ನ ಜನರಲ್ ರಿಸರ್ವ್ ಥರ ಬಳಸಿದ್ರು.

ಯಾಕೆ ಸಾಧ್ಯ ಆಯ್ತು? ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಒಂದು ಕಾಲದಲ್ಲಿ ಅಭಯಾರಣ್ಯದ ಗಡಿ ಬದಲಿಸಬೇಕಾದರೆ ರಾಜ್ಯದ ವಿಧಾನಮಂಡಲ ನಿರ್ಣಯ ಮಾಡಬೇಕಿತ್ತು. 2002ರ ತಿದ್ದುಪಡಿಯಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬಂತು. ತಜ್ಞರ ಮಂಡಳಿ ಅಂದ್ರೆ ಒಳ್ಳೇದೇ ಅಲ್ವಾ ಅನಿಸಬಹುದು. ಆದರೆ ದಿನನಿತ್ಯದ ಪ್ರಸ್ತಾವಗಳು ಹೋಗೋದು ಅದರ ಸ್ಥಾಯಿ ಸಮಿತಿಗೆ, ಅದರ ಅಧ್ಯಕ್ಷರು ಪರಿಸರ ಸಚಿವರು. ವಿಧಾನಮಂಡಲದಲ್ಲಾದರೆ ಮಾಧ್ಯಮದ ಮುಂದೆ ಚರ್ಚೆ, ಗಲಾಟೆ, ಮತ. ಸಮಿತಿಯಲ್ಲಾದರೆ ನಡಾವಳಿಯ ಒಂದು ಪ್ಯಾರಾ.

ಜೀವಗೋಳ ಮೀಸಲಿಗೆ ಅಷ್ಟೂ ಇಲ್ಲ. ನಮ್ಮ ದೇಶದಲ್ಲಿ ಅದಕ್ಕೆ ಅಂತಲೇ ಪ್ರತ್ಯೇಕ ಕಾಯ್ದೆ ಇಲ್ಲ. ಯುನೆಸ್ಕೋ ಹೆಸರು ಗೌರವ ಕೊಡುತ್ತೆ, ಕೋರ್ಟಿನಲ್ಲಿ ಕೈ ಹಿಡಿಯೋದು ಅದರೊಳಗಿನ ಉದ್ಯಾನ, ಅಭಯಾರಣ್ಯ, ಅರಣ್ಯ ಕಾಯ್ದೆಗಳು ಮಾತ್ರ.

ಇದು ದೂರದ ಕತೆ ಅನ್ನಬೇಡಿ. ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಲ್ಲಿನ ಕಂಬಗಳ ಮೇಲೆ ಫೋಟೋ ತೆಗೆಸಿಕೊಳ್ಳದವರು ನಮ್ಮ ಕ್ಲಾಸಲ್ಲಿ ಯಾರಿದ್ದಾರೆ? ಆ ಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡೋ ಕಾಲದ ಲಾವಾ ತಣಿದು ಆದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ದೊಡ್ಡ ಹೆಸರು. ಆದರೆ ಅಂಥ ಭೂಪರಂಪರೆಯ ತಾಣಗಳನ್ನ ಕಾಯೋಕೆ ಪ್ರತ್ಯೇಕ ಕಾಯ್ದೆಯ ಕರಡು ಹೊರಬಂದದ್ದೇ 2022ರಲ್ಲಿ. ಹೆಸರು ಮೊದಲು, ಹಲ್ಲು ಆಮೇಲೆ.

(7/8)

"ಹಾಗಾದ್ರೆ ಇನ್ನಷ್ಟು ಅಭಯಾರಣ್ಯ ಘೋಷಿಸಿದರೆ ಆಯ್ತಲ್ಲ?" ಅಂತ ಕೇಳೋರಿಗೆ ಈ ಭಾಗ.

ಅದೂ ಆಯ್ತು. 2022ರಲ್ಲಿ ಮೂರು ಹೊಸ ಅಭಯಾರಣ್ಯ ಬಂದವು: ಲಿಟ್ಲ್ ನಿಕೋಬಾರಿನಲ್ಲಿ ಲೆದರ್‌ಬ್ಯಾಕ್‌ಗೆ, ಮೆಂಚಲ್ ದ್ವೀಪದಲ್ಲಿ ಮೆಗಾಪೋಡ್‌ಗೆ, ಮೆರೋ ದ್ವೀಪದಲ್ಲಿ ಹವಳಕ್ಕೆ. ಇಲ್ಲಿ ಕಳೆದದ್ದನ್ನ ಅಲ್ಲಿ ಕೂಡಿಸಿದ ಹಾಗೆ.

ತೊಂದರೆ ಎರಡು. ಆಮೆ ಗೆಜೆಟ್ ಓದಲ್ಲ. ಗಲಾಥಿಯಾಕ್ಕೆ ಬರೋದಕ್ಕೆ "ನಿಮ್ಮ ಪರೀಕ್ಷಾ ಕೇಂದ್ರ ಬದಲಾಗಿದೆ" ಅಂತ ಹಾಲ್ ಟಿಕೆಟ್ ಕಳಿಸೋಕೆ ಆಗಲ್ಲ. ಎರಡನೇದು ಇದಕ್ಕಿಂತ ಗಂಭೀರ. ಆ ದ್ವೀಪಗಳು ನಿಕೋಬಾರಿ ಜನ ತಲೆಮಾರುಗಳಿಂದ ತಮ್ಮದೇ ಕಟ್ಟುಪಾಡುಗಳಲ್ಲಿ ನೋಡಿಕೊಂಡು ಬಂದ ಜಾಗ. ಅವರನ್ನ ಕೇಳದೆ ಬೋರ್ಡು ನೆಟ್ಟದ್ದಕ್ಕೆ ಅವರೇ ಆಕ್ಷೇಪ ಎತ್ತಿದರು. ಹೀಗೆ ಬೋರ್ಡು ತೆಗೆದಾಗಲೂ ಅವರನ್ನ ಕೇಳಲಿಲ್ಲ, ನೆಟ್ಟಾಗಲೂ ಕೇಳಲಿಲ್ಲ.

ಬುಡಕಟ್ಟು ಮೀಸಲಿನದ್ದೂ ಹಾಗೇ. 84 ಚದರ ಕಿ.ಮೀ. ಅದರಿಂದ ಹೊರಗೆ ತೆಗೆಯೋ ಪ್ರಸ್ತಾವ. ಲಿಟ್ಲ್ ಮತ್ತು ಗ್ರೇಟ್ ನಿಕೋಬಾರಿನ ಬುಡಕಟ್ಟು ಮಂಡಳಿ 2022ರ ಆಗಸ್ಟಿನಲ್ಲಿ ನಿರಾಕ್ಷೇಪಣಾ ಪತ್ರ ಕೊಟ್ಟಿತ್ತು, ಅದೇ ನವೆಂಬರಿನಲ್ಲಿ ಅದನ್ನ ವಾಪಸ್ ಪಡೆಯಿತು. ಸುನಾಮಿ ನಂತರ ಕ್ಯಾಂಪ್‌ಬೆಲ್ ಬೇ ಕಡೆಗೆ ಸ್ಥಳಾಂತರಗೊಂಡ ನಿಕೋಬಾರಿಗಳು ತಮ್ಮ ಹಳೇ ಊರುಗಳಿಗೆ ವಾಪಸ್ ಹೋಗಬೇಕು ಅಂತ ಕೇಳ್ತಾ ಬಂದಿದ್ದಾರೆ. ನಮ್ಮಲ್ಲಿ ಗುತ್ತಿಗೆ ಕಾಯ್ದೆ ಓದಿದವರಿಗೆ ಗೊತ್ತು, ಸಮ್ಮತಿ ಅಂದ್ರೆ ಎರಡೂ ಕಡೆಯವರು ಒಂದೇ ವಿಷಯವನ್ನ ಒಂದೇ ಅರ್ಥದಲ್ಲಿ ಒಪ್ಪಬೇಕು. 30,000 ರೂಪಾಯಿ ಫೋನಿನ ಕಂತಿಗೂ ನಾವು ಆ ನಿಯಮ ಕೇಳ್ತೇವೆ. ಊರಿಗೆ ಊರೇ ಹೋಗುವಾಗ ಕೇಳಬಾರದಾ?

ಸರಿಯಾಗಿ ಮಾಡೋ ದಾರಿ ಇಲ್ಲವೇ ಇಲ್ಲ ಅಂತಲ್ಲ. ಎಕ್ವಡಾರ್ ದೇಶದ ಗಲಾಪಗೋಸ್ ನೋಡಿ. 1959ರಲ್ಲಿ ನೆಲದ ಸುಮಾರು 97% ರಾಷ್ಟ್ರೀಯ ಉದ್ಯಾನ ಆಯ್ತು. ಅಷ್ಟಕ್ಕೇ ನಿಲ್ಲಲಿಲ್ಲ, 1998ರಲ್ಲಿ ಆ ದ್ವೀಪಗಳಿಗೇ ಅಂತ ಒಂದು ವಿಶೇಷ ಕಾಯ್ದೆ ತಂದರು. ಯಾರು ಬಂದು ನೆಲೆಸಬಹುದು, ಸುತ್ತಲಿನ ಸಮುದ್ರದಲ್ಲಿ ಏನು ಮಾಡಬಹುದು ಅನ್ನೋದಕ್ಕೂ ಮಿತಿ. ಅಲ್ಲೂ ಎಲ್ಲ ಸುಸೂತ್ರವಾಗಿಲ್ಲ. 2007ರಲ್ಲಿ ಯುನೆಸ್ಕೋ ಅದನ್ನ ಅಪಾಯದಲ್ಲಿರೋ ತಾಣಗಳ ಪಟ್ಟಿಗೆ ಹಾಕಿತು, 2010ರಲ್ಲಿ ತೆಗೆಯಿತು. ಅಂದ್ರೆ ಕಾಯ್ದೆ ಇದ್ದರೂ ಕಾಯ್ತಾ ಇರಬೇಕು.

(8/8)

ಹಾಗಾದ್ರೆ ನಾನು ಕೇಳ್ತಿರೋದು ಏನು? ಮೂರೇ ಮಾತು.

ಒಂದು: ರಕ್ಷಣೆ ಕೊಡೋದಕ್ಕಿಂತ ತೆಗೆಯೋದು ಕಷ್ಟ ಇರಬೇಕು. ಅಭಯಾರಣ್ಯದ ಸ್ಥಾನ ತೆಗೀಬೇಕಾದರೆ ವಿಧಾನಮಂಡಲ ಮತ ಹಾಕಲಿ. ಅಂಡಮಾನ್-ನಿಕೋಬಾರಿನ ಥರ ವಿಧಾನಸಭೆಯೇ ಇಲ್ಲದ ಕೇಂದ್ರಾಡಳಿತ ಪ್ರದೇಶವಾದರೆ ಸಂಸತ್ತು ಮತ ಹಾಕಲಿ. ಬೇಕೇ ಬೇಕು ಅಂತಿದ್ದರೆ ಎದುರು ನಿಂತು ಹೇಳೋಕೆ ಏನು ಕಷ್ಟ?

ಎರಡು: ಜೀವಗೋಳ ಮೀಸಲು, ಭೂವೈಜ್ಞಾನಿಕ ಸ್ಮಾರಕ ಇವಕ್ಕೆ ಬರೀ ಹೆಸರು ಸಾಲದು, ಕಾಯ್ದೆ ಬೇಕು.

ಮೂರು: ಅಲ್ಲಿ ಬದುಕೋರ ಒಪ್ಪಿಗೆ ಇಲ್ಲದೆ ಬೋರ್ಡು ನೆಡೋದೂ ಬೇಡ, ಕೀಳೋದೂ ಬೇಡ.

2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿಯನ್ನ ರದ್ದು ಮಾಡಲಿಲ್ಲ. ಆದರೆ ಹವಳ, ಕರಾವಳಿ ನಿಯಂತ್ರಣ ವಲಯ, ಒಂದೇ ಋತುವಿನ ಅಧ್ಯಯನ ಇವುಗಳ ಬಗ್ಗೆ ಉತ್ತರ ಬೇಕು ಅಂತ ಸಮಿತಿ ಮಾಡಿತು. ಅಂದ್ರೆ ಈ ಪ್ರಶ್ನೆಗಳು ಬರೀ ಭಾವುಕರ ಪ್ರಶ್ನೆಗಳಲ್ಲ.

"ನಾವು ಇಲ್ಲಿ ಕೂತು ಏನು ಮಾಡೋದು ಮಾರಾಯ್ತಿ?" ಅಂತ ಹೇಗೂ ಕಾಮೆಂಟ್ ಬರುತ್ತೆ, ಈಗಲೇ ಹೇಳಿಬಿಡ್ತೇನೆ.

ಕೇಂದ್ರ ಪರಿಸರ ಸಚಿವಾಲಯದ "ಪರಿವೇಶ್" ಪೋರ್ಟಲ್ ತೆಗೀರಿ. ವನ್ಯಜೀವಿ ಮಂಡಳಿಯ ಸಭೆಗಳ ನಡಾವಳಿ ಅಲ್ಲಿರುತ್ತೆ. ನಿಮ್ಮ ಜಿಲ್ಲೆಯ ಹೆಸರು ಹಾಕಿ ಹುಡುಕಿ. ನಮ್ಮ ಘಟ್ಟದ ಕಾಡುಗಳ ಎಷ್ಟು ಕಡತ ಬರುತ್ತೆ ನೋಡಿ, ಗಾಬರಿ ಆಗ್ತೀರಿ. ಅಭಯಾರಣ್ಯದ ಸುತ್ತ ಪರಿಸರ ಸೂಕ್ಷ್ಮ ವಲಯದ ಕರಡು ಅಧಿಸೂಚನೆ ಬಂದರೆ ಆಕ್ಷೇಪ ಸಲ್ಲಿಸೋಕೆ 60 ದಿನ ಇರುತ್ತೆ. ಯಾರು ಬೇಕಾದರೂ ಬರೀಬಹುದು, ನೀವೂ. ಮಾಹಿತಿ ಹಕ್ಕಿನ ಅರ್ಜಿಗೆ ಕೇಂದ್ರದಲ್ಲಿ ಶುಲ್ಕ 10 ರೂಪಾಯಿ. ಕ್ಯಾಂಟೀನಿನ ಚಹಾದಷ್ಟೇ.

ಬ್ಯಾಲೆನ್ಸ್ ಶೀಟ್ ಓದೋಕೆ ಮೂರು ವರ್ಷ ಕಲೀತೇವೆ ನಾವು. ನಡಾವಳಿ ಓದೋದು ಅದಕ್ಕಿಂತ ಸುಲಭ. ಮುಂದಿನ ಬೋರ್ಡು ಕೀಳೋ ಸಭೆಯ ದಿನ ನಮಗೆ ವಿಷಯ ಮೊದಲೇ ಗೊತ್ತಿರಲಿ ಅನ್ನೋದಷ್ಟೇ ನನ್ನ ಆಸೆ.

ಒಪ್ಪದವರು ಕಾಮೆಂಟಿನಲ್ಲಿ ಬನ್ನಿ, ಜಗಳ ಆಡೋಣ. ಆದರೆ ಶೇಕಡಾ ತರುವಾಗ ಛೇದವನ್ನೂ ಜೊತೆಗೆ ತನ್ನಿ. ಒಪ್ಪಿದವರು ಸೇವ್ ಮಾಡಿ, ಕ್ಲಾಸ್ ಗ್ರೂಪಿಗೆ ಹಾಕಿ. 🐢

#ಗ್ರೇಟ್‌ನಿಕೋಬಾರ್ #ಗಲಾಥಿಯಾ #ಕಡಲಾಮೆ #ಅಭಯಾರಣ್ಯ #ಬಿಕಾಂಹುಡುಗಿಯಲೆಕ್ಕ #ಕನ್ನಡದಲ್ಲಿಓದಿ